ಎಳೆಬಿಸಿಲು

ಹೊನ್ನಾವರ,
ಶನಿವಾರ

ಪ್ರೀತಿಯ ಅಮ್ಮನಿಗೆ ನೀಲಾ ಮಾಡುವ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಕಾಯ್ಕಿಣಿ ಕಡೆ ಹೊರಟ ಇವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಬಾಣಂತನದಲ್ಲಿ ನೀನು ದಿನಾ ತನ್ವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಅಂಗಳದಲ್ಲಿ ಕೂರುತ್ತಿದ್ದೆ. ಮಗು ಕಕ್ಕಿ ಸೊರಗಿದಷ್ಟೂ, "ಇನ್ನೊಂಚೂರು ಬಿಸಿಲು ತಾಗ್ಲಿ, ಮೂಳೆ ಗಟ್ಟಿ ಆಗ್ತದೆ" ಅನ್ನುತ್ತಿದ್ದೆ.

ಬಿಸಿಲಿನಿಂದ ಹುಟ್ಟುವ ಡಿ ವಿಟಮಿನ್ ಹೆಚ್ಚಾದರೆ ನಮ್ಮ ಮೈ ಅದನ್ನು ಕರಗಿಸಿಬಿಡುತ್ತದಂತೆ. ತನ್ವಿಯ ಮೈಗೆ ಹುಟ್ಟಿನಿಂದಲೇ ಹಾಗೆ ಕರಗಿಸಲು ಬರುವುದಿಲ್ಲ. ಕರಗದೆ ಉಳಿದದ್ದು ರಕ್ತದಲ್ಲಿ ಸುಣ್ಣದಂಶ ಏರಿಸಿ ಕಿಡ್ನಿಗೆ ಪೆಟ್ಟು ಕೊಟ್ಟಿದೆ. ಪೂರ್ತಿ ಗುಣವಾಗುವ ಔಷಧವಿಲ್ಲ. "ಬಿಸಿಲು ತಪ್ಸಿ, ನೀರು ಕುಡಿಸ್ತಾ ಇರಿ" ಎಂದರು ಡಾಕ್ಟರು.

ಇವರ ಅಕ್ಕ ನಿನಗೆ, "ಬಿಸಿಲಿಗೆ ಇಟ್ಟು ಇಟ್ಟು ಮಗೂನ ಒಣಗ್ಸಿದ್ದು ನೀವೇ" ಅಂದರಂತೆ. ಆ ಮಾತಿಗೇ ನೀನು ಬರುವುದು ಬಿಟ್ಟೆ. ಡಿ ವಿಟಮಿನ್ ಡ್ರಾಪ್ಸ್ ಒಂದು ದಿನವೂ ತಪ್ಪಿಸದೆ ಹಾಕಿದವಳು ನಾನು. ಈ ಕಾಯಿಲೆ ಕೊಟ್ಟವರೂ ನಾನು ಮತ್ತು ಇವರು, ಅರ್ಧರ್ಧ. ನನ್ನ ಪಾಲು ಅಪ್ಪ, ಅಮ್ಮ ಇಬ್ಬರಲ್ಲಿ ಯಾರಿಂದ ಬಂದಿರಬಹುದು ಎಂದು ಡಾಕ್ಟರು ಕೇಳಿದರು. ಗೊತ್ತಿಲ್ಲ ಅಂದೆ.

ಬರುವಾಗ ಬಂಗಡೆ ಮೀನು ತರಬೇಡ, ಅದರಲ್ಲೂ ಡಿ ವಿಟಮಿನ್ ಇದೆಯಂತೆ, ಮಗುವಿಗೆ ಆಗದು. ನಿನ್ನ ಎರಡು ಹಳೆಯ ದಪ್ಪ ಸೀರೆ ತಾ, ಕಿಟಕಿಗೆ ಕಟ್ಟಲು ಬೇಕು.

ಬೆಳಿಗ್ಗೆ ಎಣ್ಣೆ ಹಚ್ಚಿದ ಕೂಡಲೇ ಅವಳು ಈಗಲೂ ಬಾಗಿಲ ಕಡೆ ಕೈ ಚಾಚುತ್ತಾಳೆ. ನಾನು ಬಾಗಿಲು ಹಾಕುತ್ತೇನೆ.

ಸಂಜೆಯ ರೈಲಿಗೆ ಬಾ ಅಮ್ಮಾ. ಹೊತ್ತು ಮುಳುಗಿದ ಮೇಲೆ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಅಂಗಳದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರು.

ನಿನ್ನ ಮಗಳು,
ನೀಲಾ