ಹನ್ನೊಂದನೇ ಅಧ್ಯಾಯ ಮುಟ್ಟಿಲ್ಲ

ಬೈಂಡಿಂಗ್ ಅಂಗಡಿ,
ಮಾರ್ಚ್ ೧೧, ಮಂಗಳವಾರ

ಬಾಯಾಳಿ ಮಗಳೇ,

ಕೆಮ್ಮು ನಿಂತಿತೋ ಇಲ್ಲವೋ? ಔಷಧಿ ಬಾಟಲಿಯನ್ನು ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟುಕೊಂಡಿದ್ದರೆ ಅಲ್ಲಿಗೇ ಬಂದು ಬೈಯುತ್ತೇನೆ. ನನ್ನ ಮಂಡಿ ಇದ್ದಂತೆಯೇ ಇದೆ; ಅದರ ಸುದ್ದಿ ಬೇಡ.

ನಿನ್ನ ಕಾದಂಬರಿ ಓದಿ ಮುಗಿಸಿದೆ. "ಸುಳ್ಳು ಅನ್ನಿಸಿದ್ದನ್ನೆಲ್ಲ ಹೊಡೆದುಹಾಕು ಅಪ್ಪಾ, ಶನಿವಾರ ಪ್ರಕಾಶಕರಿಗೆ ಕೊಡಬೇಕು" ಎಂದು ಬರೆದಿದ್ದೀಯ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಹೇಳುವ ಕೆಲಸವೇ ಇದು? ನಲವತ್ತು ವರ್ಷ ಪುಸ್ತಕಗಳ ಬೆನ್ನು ಹೊಲಿದಿದ್ದೇನೆ, ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿದವನಲ್ಲ. ಮೊದಲ ದಿನವೇ ಎಡವಟ್ಟು ಬೇರೆ ಮಾಡಿದೆ. ಬಿಡಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೊಲಿದು, ಅಂಟು ಬಳಿದು, ಗಟ್ಟಿ ರಟ್ಟು ಕಟ್ಟಿ, ಅಂಚನ್ನು ಯಂತ್ರಕ್ಕೆ ಕೊಟ್ಟು ಸವರಿಬಿಟ್ಟೆ. ಅಂಚಿನಲ್ಲಿ ನೀನು ಬರೆದುಕೊಂಡಿದ್ದ ಟಿಪ್ಪಣಿಗಳೆಲ್ಲ ಚೂರಾಗಿ ಬುಟ್ಟಿಗೆ ಬಿದ್ದವು. ಬೈದುಕೋ. ನಿನ್ನ ಅತ್ತೆ ಆಗಲೇ ಬೈದಾಗಿದೆ.

ಅವಳು ಬೇರೆ ಕೆಲಸದ ಹಾಳೆ ಮಡಚುತ್ತ ಕೂತಳು, ನಾನು ಗಟ್ಟಿಯಾಗಿ ಓದಿದೆ. ನಾಲಿಗೆ ತೊಡರಿದಲ್ಲೆಲ್ಲ ಗೀಟು ಹಾಕಿದೆ. ಇನ್ನು ಮುಂದೆ ನೀನೂ ಹಾಗೇ ಮಾಡು. ಕಣ್ಣು ನಿನ್ನ ಕಡೆ ವಾಲುತ್ತದೆ, ನಾಲಿಗೆ ವಾಲುವುದಿಲ್ಲ. ಮೊದಲ ಹದಿನಾಲ್ಕು ಪುಟ ಬರೀ ಮಂಜು, ಮೋಡ. ಹುಡುಗಿ ಬಸ್ಸು ಹತ್ತುವುದು ಹದಿನೈದನೇ ಪುಟದಲ್ಲಿ, ಅಲ್ಲಿಂದಲೇ ಶುರು ಮಾಡು. ಯಾರಿಗೆ ದುಃಖವಾದರೂ ಕಿಟಕಿಯಾಚೆ ನೋಡುತ್ತಾರೆ. "ಇವರ ಮನೆಗೆ ಬಾಗಿಲೇ ಇಲ್ವೇನೋ ಅಣ್ಣಾ?" ಎಂದಳು ನಿನ್ನ ಅತ್ತೆ. ಅತ್ತಳು ಎಂದು ಬರೆದ ಮೇಲೆ ಕಣ್ಣೀರಿಗೆ ಮತ್ತೆ ಮೂರು ಸಾಲು ಯಾಕೆ? ಓದುವವನು ದಡ್ಡನಲ್ಲ. ಅಂಟು ಹಾಕಿದ ಪುಸ್ತಕವನ್ನು ಒಣಗುವ ಮೊದಲೇ ಬಿಡಿಸಿದರೆ ಬೆನ್ನು ಬಿರಿಯುತ್ತದೆ. ನೀನು ಬರೆದ ಮರುದಿನವೇ ತಿದ್ದಲು ಕೂತಿದ್ದೀಯ, ನನಗೇ ಗೊತ್ತಾಗುತ್ತದೆ.

ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಹನ್ನೊಂದನೇ ಅಧ್ಯಾಯಕ್ಕೆ ಮಾತ್ರ ಒಂದು ಗೀಟೂ ಹಾಕಿಲ್ಲ. ತಪ್ಪಿಲ್ಲ ಎಂದುಕೊಳ್ಳಬೇಡ. ಮೂರು ದಿನ ಅದನ್ನೇ ಹಿಡಿದು ಕೂತೆ. ಕೈಲಾಗಲಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು. ಅಂಟು ಮೆತ್ತಿದ ಈ ಕೈ ನಿನ್ನ ತಲೆಯ ಮೇಲಿದೆ ಎಂದುಕೋ. ಅತ್ತೆ ಕೇಳಿದಳು ಅನ್ನಬೇಕಂತೆ, ಅಂದಿದ್ದೇನೆ.

ನಿನ್ನ ಅಪ್ಪ

ಬಿಟ್ಟುಹೋದದ್ದು: ಆ ಅಧ್ಯಾಯದಲ್ಲಿ ಅಪ್ಪ ಅಮ್ಮನ ಕೈ ಹಿಡಿದು ಕೂತಿದ್ದಾನೆ. ನಾನು ಕೂತಿರಲಿಲ್ಲ. ಡಾಕ್ಟರ ಮೇಲೆ ರೇಗಿ ಅಂಗಡಿಗೆ ಬಂದು, ಯಾವುದೋ ಶಾಲೆಯ ಹಾಜರಿ ಪುಸ್ತಕ ಹೊಲಿಯುತ್ತಿದ್ದೆ. ಕೈ ಹಿಡಿದ ಆ ಸಾಲನ್ನು ಹೊಡೆದುಹಾಕಿದರೆ ಮಂಚದ ಪಕ್ಕ ಮತ್ತೆ ನೀನೊಬ್ಬಳೇ ಆಗುತ್ತೀಯ. ಬಿಟ್ಟರೆ ಓದಿದವರೆಲ್ಲ ನನ್ನನ್ನು ಒಳ್ಳೆಯವನು ಅಂದುಕೊಳ್ಳುತ್ತಾರೆ. ಏನು ಮಾಡಲಿ, ನೀನೇ ಹೇಳು. "ಅಂಗಡಿ ಬಾಗಿಲು ಹಾಕಿ ಬಂದ್ರಾ?" ಎಂದು ಅಮ್ಮ ಕೊನೆಗೆ ಕೇಳಿದಳು ಅಂತ ಬರೆದಿದ್ದೀಯ. ಅದು ನಿಜವಾ? ನಿಜವಾಗಿದ್ದರೆ, ನೀನು ಅವಳಿಗೆ ಏನೆಂದು ಹೇಳಿದೆ?