ಎಡಗೈಲಿ ಬೀಸಿದ ಹಾಡು

ಗದಗ ಸ್ಟೇಷನ್,
ಡಿಸೆಂಬರ್ ೧೯೪೩, ಮಂಗಳವಾರ ಮಧ್ಯಾಹ್ನ

ಪಂಪಕ್ಕಾ,

ಮೊದಲು ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿ. ಕ್ಷೇಮಸಮಾಚಾರ ಕೇಳುವ ಮುಖ ನನಗಿಲ್ಲ. ನಿನಗೆ ಓದಲು ಬಾರದು. ಅಂಚೆಗೆ ಹಾಕಿದರೆ ಇದನ್ನು ಒಡೆದು ಓದುವವರು ಕುಷ್ಟಗಿಯ ನಿನ್ನ ಗಂಡನ ಮನೆಯವರೇ. ಹಾಗಾಗಿ ಇದು ಅಂಚೆಗೆ ಹೋಗುವುದಿಲ್ಲ, ನನ್ನ ಜೇಬಿನಲ್ಲೇ ಬರುತ್ತದೆ. ಕೊಪ್ಪಳದ ಗಾಡಿಗೆ ಇನ್ನೂ ಮೂರು ತಾಸು ಇದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಧಾರವಾಡಕ್ಕೆ ಹೋಗಿ ಕನ್ನಡವನ್ನೇ ಓದಿ ಬಿ.ಎ. ಮಾಡುತ್ತೇನೆ ಎಂದಾಗ ಅಪ್ಪ ಎಷ್ಟು ನಕ್ಕಿದ್ದ ನೆನಪಿದೆಯಾ? "ಮನ್ಯಾಗ ಮಾತಾಡೂದನ್ನ ಕಲಿಯಾಕ ಅಷ್ಟು ದೂರ ಯಾಕಲೇ? ಉರ್ದು ಸಾಲಿ ಕಲ್ತೀದಿ, ತಹಸೀಲ ಕಚೇರಿ ಸೇರು" ಎಂದಿದ್ದ. ನೀನೊಬ್ಬಳೇ ನನ್ನ ಕಡೆ ನಿಂತೆ. "ಹೋಗಲಿ ಬಿಡಪ್ಪಾ, ನಮ್ಮ ಅಂದಪ್ಪಗ ಕೇಳೂ ಕಿವಿ ಐತಿ" ಎಂದೆ.

ಆ ಕಿವಿಯ ಕಥೆಯನ್ನೇ ಹೇಳಬೇಕಾಗಿದೆ. ಕಾಲೇಜಿನಲ್ಲಿ ನನಗೆ ಪದ್ಯದ ಮಾತ್ರೆ ಎಣಿಸುವ ಹುಚ್ಚು ಹಿಡಿಯಿತು. ಸ್ಟೇಷನ್ನಿನ ಹಮಾಲರು ಕೂಗಿದರೂ ಬೆರಳು ಮಡಿಸಿ ಲಘು ಗುರು ಲೆಕ್ಕ ಹಾಕುವಷ್ಟು ದೊಡ್ಡ ಪಂಡಿತನಾದೆ. ದೀಪಾವಳಿ ಸೂಟಿಗೆ ಹೊರಟಾಗ ನಮ್ಮ ಕನ್ನಡದ ಮಾಸ್ತರು, ಪುಸ್ತಕದ ಪದ್ಯ ಸಾಕು, ನಿಮ್ಮ ನಿಮ್ಮ ಮನೆಯ ಹೆಂಗಸರು ಬೀಸುವಾಗ ಹಾಡುವುದನ್ನು ಬರೆದು ತನ್ನಿ ಎಂದರು. ನನಗೆ ಬೇರೆ ಯಾರು ನೆನಪಾಗಬೇಕು? ಯಲಬುರ್ಗಿಯ ನಮ್ಮ ಮನೆಗೂ ಹೋಗದೆ ನೇರ ನಿನ್ನ ಹತ್ತಿರ ಬಂದೆ.

ಬೆಳಗಿನ ಜಾವದ ಕತ್ತಲೆಯಲ್ಲಿ ಬರೆದುಕೊಳ್ಳಲು ಆಗುವುದಿಲ್ಲವೆಂದು ನಿನ್ನನ್ನು ಹಾಡುಹಗಲೇ ಬೀಸುವ ಕಲ್ಲಿನ ಮುಂದೆ ಕೂರಿಸಿದೆ. ಬರೀ ಕಲ್ಲು ತಿರುವಬಾರದೆಂದು ನೀನು ಹಿಡಿ ಹಿಡಿ ಜೋಳ ಹಾಕಿ ಬೀಸಿದೆ. ನಿನ್ನ ಅತ್ತೆ ವಿರೂಪಾಕ್ಷಮ್ಮನವರು ನಾಲ್ಕೂ ದಿನ ಪಕ್ಕದ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತೇ ಇದ್ದರು. "ಎಡಗೈಲೆ ಯಾಕ ಬೀಸ್ತೀಯಕ್ಕಾ?" ಎಂದು ಒಮ್ಮೆ ಕೇಳಿದೆ. "ರೂಢಿ ಆಗೇತಿ ಬಿಡೋ" ಎಂದು ನಕ್ಕು ನೀನು ಬಲಗೈ ಮೇಲೆ ಸೆರಗು ಎಳೆದುಕೊಂಡೆ. ಪೆನ್ಸಿಲು ಮೊಂಡಾಗಿತ್ತು. ನಾನು ಅದನ್ನು ಕೆತ್ತುವುದರಲ್ಲಿದ್ದೆ.

ನಾಲ್ಕನೆಯ ದಿನ, ಕೊನೆಗೆ, ನೀನು ಇದನ್ನು ಹಾಡಿದೆ:

ಬಲಗೈಯ ಸುಟ್ಟಾರ ಎಡಗೈಲೆ ಬೀಸೇನ
ಒಲಿಮುಂದ ಕುಂತು ಅಳಲಿಲ್ಲ । ನನತಮ್ಮ
ಕಲಿತಾವ ಬಂದು ಕೇಳ್ಯಾನು

ಒಮ್ಮೆ ಹಾಡಿ ನನ್ನ ಮುಖ ನೋಡಿದೆ. ಮತ್ತೊಮ್ಮೆ ಹಾಡಿದೆ. ನಾನೇನು ಹೇಳಿದೆ ಗೊತ್ತಲ್ಲ? "ಬರಕೊಂಡೀನಿ ಅಕ್ಕಾ, ಮುಂದಿಂದು ಹಾಡು" ಎಂದೆ. ನಿನ್ನ ಅತ್ತೆಯಾದರೋ ಕಾಳಿನಿಂದ ಕಣ್ಣೆತ್ತದೆ, "ಬರಕೋ ತಮ್ಮಾ, ಹಾಡಂದ್ರ ಹಾಡ ಐತಿ" ಎಂದರು. ಬೀಸುವಾಗ ಹಾಡಿದ್ದಕ್ಕೆ ನಮ್ಮಲ್ಲಿ ಯಾರೂ ಜವಾಬು ಕೇಳುವುದಿಲ್ಲವಲ್ಲ. ಸೊಸೆಗೆ ಬಾಯಿ ಇರುವ ಜಾಗ ಅದೊಂದೇ. ನಿನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಕಲಿತವನೊಬ್ಬನೇ. ಹಾಡಿನ ಅತ್ತೆಯರೆಲ್ಲ ಕೆಟ್ಟವರೇ ಇರುತ್ತಾರೆ ಎಂದುಕೊಂಡು ಹಾಳೆ ತಿರುವಿದೆ.

ಹೊರಟಾಗ ನಿಮ್ಮ ಓಣಿಯ ಮೆಹಬೂಬಬೀ ಚಾಚಿ ಅಡ್ಡ ಬಂದು, "ಅಕ್ಕನ್ನ ನೋಡಿದೇನಪಾ? ಛಂದಾಗಿ ನೋಡಿದಿಲ್ಲ?" ಎಂದು ಕೇಳಿದಳು. "ನಲವತ್ತಮೂರು ಹಾಡು ಸಿಕ್ಕಾವ ಚಾಚೀ" ಎಂದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಇಂಥ ಮಂಕನನ್ನು ಅವಳು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

ನಿನ್ನೆ ತರಗತಿಯಲ್ಲಿ ಅದೇ ಪದ್ಯ ಓದಿದೆ. ಹುಡುಗರು ಬೆಂಚು ಬಡಿದರು. ನನಗೆ ಇನ್ನಷ್ಟು ಹುರುಪು ಬಂತು. ಎಡಗೈ ಎನ್ನುವುದು ಇಲ್ಲಿ ಹೆಣ್ಣಿನ ಅಸಹಾಯಕತೆಯ ಸಂಕೇತ, ಸುಡುವುದೆಂದರೆ ಸಂಸಾರದ ತಾಪ, ರಸ ಕರುಣ ಎಂದೆಲ್ಲ ವಿವರಿಸಿದೆ. ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಡಿದಾಕಿ ಯಾರು?" ಎಂದರು. ನಮ್ಮಕ್ಕ ಎಂದೆ.

"ಬೀಸಿದ್ದು ಯಾವ ಕೈಲೆ?" ಎಡಗೈಲೆರೀ ಎಂದೆ.

"ನಾಲ್ಕು ದಿನ ನಿನಗ ಊಟಕ್ಕ ಬಡಿಸಿದವರು ಯಾರು?"

ಅಕ್ಕಾ, ಬಡಿಸಿದವರು ನಿನ್ನ ಅತ್ತೆ. ನಾಲ್ಕು ದಿನ, ಎಂಟು ಊಟ, ಎಲ್ಲ ಅವರೇ. ಕಾಲೇಜು ಕಲಿಯುವ ಬೀಗರ ಹುಡುಗನಿಗೆ ಮನೆಯ ಹಿರಿಯಳೇ ಬಡಿಸುತ್ತಾರೆ, ಎಂಥ ಮರ್ಯಾದೆ ಎಂದು ಉಬ್ಬಿಹೋಗಿದ್ದೆ. ಎಡಗೈಲಿ ಬೀಸಬಹುದು, ಆದರೆ ಎಡಗೈಲಿ ತಮ್ಮನಿಗೆ ಅನ್ನ ಬಡಿಸುವ ಹಾಗಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ನೀನು ರೊಟ್ಟಿ ಬಡಿಯುವ ಸಪ್ಪಳವನ್ನು ಆ ಮನೆಯಲ್ಲಿ ಒಮ್ಮೆಯೂ ಕೇಳಲಿಲ್ಲ ಎನ್ನುವುದೂ ಆಗಲೇ ನೆನಪಾಯಿತು.

ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಆ ಹಾಡು ಕೇಳಿ ಐದು ವಾರ ಆತಲ್ಲೋ ಅಂದಪ್ಪಾ. ಇನ್ನೂ ಇಲ್ಲೇ ನಿಂತೀಯಾ?" ಎಂದರು, ಅಷ್ಟೇ.

ಆಗಿನಿಂದ ನನಗೆ ಏನೂ ತೋಚುತ್ತಿಲ್ಲ. ನಿನ್ನ ಬಲಗೈಯನ್ನು ಅವರು ಸುಟ್ಟದ್ದು ಹೇಗೆ, ಯಾಕೆ, ಆ ಗಾಯ ಮಾಯ್ದಿದೆಯೋ ಇಲ್ಲವೋ. ನಾನು ಬಂದು ಹೋದಮೇಲೆ ಆ ಹಾಡಿಗಾಗಿ ನಿನಗೆ ಇನ್ನೇನಾದರೂ ಮಾಡಿದರೋ. ನೀನು ಬದುಕಿದ್ದೀಯಾ ಎಂದು ಬರೆಯಲು ಹೋಗಿ ಒಂದು ಹಾಳೆ ಹರಿದುಹಾಕಿದೆ. ನಾಲ್ಕು ದಿನ ನಿನ್ನ ಎದುರಿಗೇ ಕೂತು, ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು, ಏನೂ ಕೇಳಿಸಿಕೊಳ್ಳದೆ ಎದ್ದು ಬಂದೆನಲ್ಲ!

ಕೊಪ್ಪಳದಲ್ಲಿ ಇಳಿದು ಬಂಡಿಯೋ ಮೋಟಾರೋ, ಸಿಕ್ಕದ್ದನ್ನು ಹತ್ತಿ ನಾಳೆ ಕುಷ್ಟಗಿಗೆ ಬರುತ್ತೇನೆ. ಅವರು ನೀರು ಕೊಟ್ಟರೂ ಮುಟ್ಟುವುದಿಲ್ಲ, ಕೂರು ಎಂದರೂ ಕೂರುವುದಿಲ್ಲ. ನಿನ್ನ ಅತ್ತೆ, ನಿನ್ನ ಗಂಡ, ಓಣಿಯವರು ಎಲ್ಲರ ಎದುರೇ ಬಲಗೈ ತೋರಿಸು ಅಕ್ಕಾ ಎಂದು ಕೇಳುತ್ತೇನೆ. ಆಮೇಲೆ ನೀನು ಯಲಬುರ್ಗಿಗೆ ನನ್ನ ಜೊತೆ ಹೊರಡು. ಅಪ್ಪ ಬೈದರೆ ನಾನು ಬೈಸಿಕೊಳ್ಳುತ್ತೇನೆ. ಕಾಲೇಜು ಬಿಡಿಸಿದರೆ ಬಿಡುತ್ತೇನೆ. ದಾರಿಯಲ್ಲಿ ಈ ಪತ್ರ ಓದಿ ಹೇಳುತ್ತೇನೆ. ನೀನು ಬೈಯಬೇಕೆನಿಸಿದಷ್ಟು ಬೈ, ನಡುವೆ ಮುಂದಿನದು ಹಾಡು ಎನ್ನುವುದಿಲ್ಲ.

ಗಾಡಿಯ ಗಂಟೆ ಹೊಡೆದರು. ಹುಲಿಗೆಮ್ಮ ತಾಯಿ ನಿನ್ನನ್ನು ನಾಳೆಯವರೆಗೆ ಕಾಯಲಿ. ಆ ಕೈ ಮತ್ತೆ ರೊಟ್ಟಿ ಬಡಿಯಲಿ, ಆ ಕೈಯಿಂದಲೇ ನನಗೊಂದು ಏಟು ಬೀಳಲಿ.

ಕೇಳಲು ಐದು ವಾರ ತಡವಾಗಿ ಬರುತ್ತಿರುವ
ನಿನ್ನ ತಮ್ಮ
ಅಂದಪ್ಪ