ಹೊರಟಲ್ಲಿಗೇ ಬಂದ ನೀಲಿ ಕೇಬಲ್

೧೪ ಅಕ್ಟೋಬರ್, ಮಂಗಳವಾರ

ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಕೈಗೆ ಬಂದಾಗಿನಿಂದ ಒಂದೇ ಪ್ರಶ್ನೆ ತಲೆ ತಿನ್ನುತ್ತಿದೆ: ಮುಂದೇನು? ಮಾವ ಕ್ಲೌಡ್ ಕಲಿ ಎನ್ನುತ್ತಾರೆ, ಗೆಳತಿ ಸೆಕ್ಯುರಿಟಿ ಎನ್ನುತ್ತಾಳೆ. ನನಗೆ ತಲೆಬುಡ ತಿಳಿಯುತ್ತಿಲ್ಲ.

ಇವತ್ತು ಅಭ್ಯಾಸಕ್ಕೆಂದು ತಂದ ಹಳೆಯ ನೆಟ್‌ವರ್ಕ್ ಸ್ವಿಚ್ಚನ್ನು, ಅಂದರೆ ಹಲವು ಕಂಪ್ಯೂಟರುಗಳನ್ನು ಕೇಬಲ್ಲುಗಳಿಂದ ಒಂದುಗೂಡಿಸುವ ಪೆಟ್ಟಿಗೆಯನ್ನು, ಮನೆಯ ರೌಟರಿಗೆ ಜೋಡಿಸುತ್ತಿದ್ದೆ. ಧ್ಯಾನ ಎಲ್ಲಿತ್ತೋ, ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಚುಚ್ಚಿಬಿಟ್ಟೆ. ದೀಪಗಳೆಲ್ಲ ಹುಚ್ಚೆದ್ದು ಮಿನುಗಿದವು. ಇಡೀ ಮನೆಯ ಇಂಟರ್ನೆಟ್ ನಿಂತುಹೋಯಿತು. ಆನ್‌ಲೈನ್ ಪಾಠ ಮಾಡುತ್ತಿದ್ದ ಅಕ್ಕ ಬಾಗಿಲಿಗೆ ಬಂದು ನಿಂತಳು.

"ಏನೇ ಮಾಡ್ದೆ? ಮಕ್ಕಳೆಲ್ಲ ಸ್ಕ್ರೀನಿಂದ ಮಾಯ ಆದ್ರು."

"ಗೊತ್ತಿಲ್ಲ ಕಣೇ, ಹುಡುಕ್ತೀನಿ ಇರು."

ಬೈಸಿಕೊಳ್ಳುತ್ತಲೇ ಒಂದೊಂದು ಕೇಬಲ್ಲಿನ ಜಾಡನ್ನೂ ಬೆರಳಿನಿಂದ ಹಿಡಿದು ಹೋದೆ. ನೀಲಿಯದು ಹೊರಟಲ್ಲಿಗೇ ವಾಪಸು ಬಂದಿತ್ತು; ಸಂದೇಶಗಳೆಲ್ಲ ಹೊರಗೆ ಹೋಗದೆ ಅದರಲ್ಲೇ ಗಿರಕಿ ಹೊಡೆಯುತ್ತಿದ್ದವು. ಒಂದು ತುದಿ ಕಿತ್ತೆ. ದೀಪಗಳು ಸಮಾಧಾನಕ್ಕೆ ಬಂದವು. ಪರೀಕ್ಷೆ ಪಾಸಾದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಊಟಕ್ಕೆ ಕೂತಾಗ ಅಕ್ಕ, "ನಂಗೆ ಅಳು ಬರ್ತಿತ್ತು, ನೀನು ನೋಡಿದ್ರೆ ನಗ್ತಾ ಹುಡುಕ್ತಿದ್ದೆ" ಅಂದಳು. ನಗುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಕ್ಲೌಡೋ ಸೆಕ್ಯುರಿಟಿಯೋ ಆಮೇಲೆ ನೋಡೋಣ. ಕೆಟ್ಟ ನೆಟ್‌ವರ್ಕ್ ಸರಿಮಾಡುವ ಕೆಲಸಗಳಿಗೆ ನಾಳೆಯಿಂದಲೇ ಅರ್ಜಿ ಹಾಕುತ್ತೇನೆ. ಅದಕ್ಕೆ ಮೊದಲು, ಅಕ್ಕನ ರಾತ್ರಿಯ ಪಾಠ ಮುಗಿದ ಮೇಲೆ, ಬೇಕೆಂದೇ ಇನ್ನೊಂದು ಸಲ ಕೆಡಿಸಿ, ಹುಡುಕಿ ಸರಿಮಾಡಬೇಕು.